ಕೈಗೇರದ ಹಸಿರು ಬಳೆ

ಸಿಗಂದೂರಮ್ಮನನ್ನು ನಂಬಿದ ನಿಮ್ಮೆಲ್ಲರ ಮುಂದೆ ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಮಗಳು ವೀಣಾಳ ಮುಖ, ಕೈಕಾಲು ಊದಿದಾಗ ನಾನು ಹಿಗ್ಗಿದ್ದೆ.

ಕಳೆದ ಕಾರ್ತಿಕ ಮಾಸ. ಏಳು ತಿಂಗಳ ಬಸುರಿ ವೀಣಾ ಸೀಮಂತಕ್ಕೆಂದು ತೀರ್ಥಹಳ್ಳಿಯ ಗಂಡನ ಮನೆಯಿಂದ ಹೊಸನಗರಕ್ಕೆ, ನಮ್ಮಲ್ಲಿಗೆ ಬಂದಿದ್ದಳು. ಕಡ್ಡಿಯಂತಿದ್ದ ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ತಲೆನೋವು ಎಂದಳು. ಕಣ್ಣು ಬಿದ್ದಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ.

"ಡಾಕ್ಟ್ರಿಗೆ ತೋರ್ಸಣ ಅಮ್ಮ" ಎಂದಳು.

"ಬಳೆ ಶಾಸ್ತ್ರ ಮುಗೀಲಿ ಮಾರಾಯ್ತಿ" ಎಂದೆ. ಎಂಥ ಬುದ್ಧಿ ನನ್ನದು!

ಶಾಸ್ತ್ರದ ಬೆಳಿಗ್ಗೆ ಬಳೆಗಾರ್ತಿ ಗಂಗಕ್ಕ ಬಂದರು. ವೀಣಾಳಿಗೆ ಚಿಕ್ಕಂದಿನಿಂದ ಬಳೆ ತೊಡಿಸಿದವರು, ಅಳತೆ ಕೇಳುವವರೇ ಅಲ್ಲ. ಎರಡು-ನಾಲ್ಕರ ಹಸಿರು ಬಳೆ ಏರಲಿಲ್ಲ. ದೊಡ್ಡದು, ಎರಡು-ಎಂಟು, ಅದೂ ಗೆಣ್ಣಿನಲ್ಲೇ ನಿಂತಿತು. ಗಂಗಕ್ಕ ಬಳೆ ಕೆಳಗಿಟ್ಟು ಅವಳ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು.

"ಇದು ಮೈ ಅಲ್ಲ ಲಲಿತಕ್ಕ, ನೀರು. ನನ್ನ ಸೊಸೆಗೂ ಹಿಂಗೇ ಆಗಿತ್ತು. ಶಾಸ್ತ್ರ ಸುಡ್ಲಿ, ಮೊದ್ಲು ಆಸ್ಪತ್ರೆಗೆ ಕರ್ಕಂಡ್ ಹೋಗಿ."

ಆರತಿ ತಟ್ಟೆ ಅಲ್ಲೇ ಬಿಟ್ಟು ಸಾಗರದ ಬಸ್ಸು ಹತ್ತಿದೆವು. ದಾರಿಯಲ್ಲಿ ವೀಣಾ, "ಕಣ್ಣು ಮಂಜು ಮಂಜು ಆಗ್ತಿದೆ" ಎಂದಳು.

"ಬಿಪಿ ತುಂಬ ಏರಿದೆ" ಎಂದರು ಡಾಕ್ಟರಮ್ಮ. "ನಾಳೆ ಬಂದಿದ್ರೆ ಇವ್ರು ಉಳೀತಿರ್ಲಿಲ್ಲ. ಈಗ್ಲೇ ಮಗು ತೆಗೀಬೇಕು. ಇಬ್ರೂ ಉಳೀತಾರೆ ಅಂತ ಹೇಳಕ್ಕಾಗಲ್ಲ."

ಹೊರಗೆ ಬೆಂಚಿನ ಮೇಲೆ ಕೂತು, "ಸಿಗಂದೂರಮ್ಮಾ, ನನ್ನ ಮಗಳನ್ನ ಉಳಿಸಿಕೊಡು" ಎಂದು ಬೇಡಿದೆ. ಎರಡು ಜೀವ ಕೇಳುವ ಮುಖ ನನಗಿರಲಿಲ್ಲ. ಒಂದನ್ನೇ ಕೇಳಿದೆ.

ಒಂದನ್ನೇ ಕೊಟ್ಟಳು. ಮಗು ಹೆಣ್ಣು. ಸಂಜೆಯವರೆಗೆ ಉಸಿರಾಡಿತು.

ವೀಣಾಳಿಗೆ ಮೂರನೆಯ ದಿನ ಪೂರ್ತಿ ಎಚ್ಚರವಾಯಿತು. ಪಕ್ಕದಲ್ಲಿ ತಡಕಿದಳು. ನಾನು ಅವಳ ಕೈ ಹಿಡಿದುಕೊಂಡೆ. ಮುಂದೆ ದಿನಾ ಅವಳ ಪಾದ ಒತ್ತಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕುಳಿ ಬೀಳಲಿಲ್ಲ. ಆ ಪಾದಕ್ಕೆ ಹಣೆಯಿಟ್ಟು ಅತ್ತೆ.

ಮೊನ್ನೆ ಸಿಗಂದೂರಿಗೆ ಹೋಗಿ ಆ ಹಸಿರು ಬಳೆಗಳನ್ನು ಅಮ್ಮನಿಗೆ ಒಪ್ಪಿಸಿದೆವು. ವೀಣಾ ಕೈಮುಗಿಯಲಿಲ್ಲ, ಕೈಕಟ್ಟಿ ನಿಂತಿದ್ದಳು. ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ ಹೇಳಿಬಿಟ್ಟೆ.

"ಅವತ್ತು ನಾನು ನಿನ್ನೊಬ್ಳನ್ನೇ ಕೇಳ್ದೆ ಕಣೆ. ಮಗೂನ ಕೇಳ್ಲೇ ಇಲ್ಲ."

ಅವಳು ಹಿನ್ನೀರಿನ ಕಡೆ ನೋಡುತ್ತಿದ್ದಳು. "ನಾನೂ ಒಂದನ್ನೇ ಕೇಳಿದ್ದೆ ಅಮ್ಮ" ಎಂದಳು. "ನನ್ನ ಮಗಳನ್ನ."

ನನ್ನ ಮೊರೆ ಅಮ್ಮ ಕೇಳಿದಳು. ಗಂಗಕ್ಕನ ಹೆಬ್ಬೆರಳಲ್ಲಿ ಬಂದವಳು ಅವಳೇ, ನನಗೆ ಸಂಶಯವಿಲ್ಲ. ಸಾಯುವವರೆಗೆ ಕೈಮುಗಿಯುತ್ತೇನೆ. ನನಗೆಂದು ಇನ್ನೇನೂ ಬೇಡ. ನನ್ನ ಮಗಳು ಮತ್ತೊಮ್ಮೆ ಆ ತಾಯಿಯೆದುರು ಕೈಮುಗಿದು ಏನನ್ನಾದರೂ ಕೇಳಲಿ ಎಂದು ದಿನಾ ಬೇಡುತ್ತಿದ್ದೇನೆ.