ಟಿವಿಯ ಹಿಂದೆ ಕೂತವರು

೧೯೮೬ರ ನನ್ನ ಡೈರಿಯಲ್ಲಿ ಮಧುಗಿರಿಯ ರೇಡಿಯೊ ರಿಪೇರಿಯವರೊಬ್ಬರು ಒಂಬತ್ತು ಸಲ ನಮ್ಮ ಮನೆಗೆ ಬಂದಿದ್ದಾರೆ. ಟಿವಿಗೆ ಜೋಡಿಸಿ, ಗುಂಡಿ ತಿರುಗಿಸಿ ಪರದೆಯ ಮೇಲಿನ ಚೆಂಡು ತಡೆಯುವ ಆಟದ ಕಂಪ್ಯೂಟರೊಂದನ್ನು ಅಣ್ಣ ತಂದಿದ್ದ. ಅದರ ವೈರು ಟಿವಿಯ ಹಿಂದೆ ಸರಿಯಾಗಿ ಕೂರುತ್ತಿರಲಿಲ್ಲ. ಅವರು ಬೆರಳಿನಿಂದ ಒತ್ತಿ ಹಿಡಿದರೆ ಚಿತ್ರ ಬರುತ್ತಿತ್ತು. ನಾನು ಒತ್ತಿದರೆ ಬರುತ್ತಿರಲಿಲ್ಲ.

“ಏನ್ ಕಾಣ್ತೈತೆ ಹೇಳ್ರಪ್ಪ?” ಎಂದು ಹಿಂದಿನಿಂದ ಕೇಳುತ್ತಲೇ ಇರುತ್ತಿದ್ದರು. ಮೂರು ಭೇಟಿಗಳಲ್ಲಿ ನಾವು ಆಡಿದ್ದು ನಲವತ್ತೊಂದು ಆಟ, ಅವರು ಆಡಿದ್ದು ಸೊನ್ನೆ.

ನಾಲ್ಕನೆಯ ಸಲ, ರಿಪೇರಿಗೆ ಬಳಸುವ ಕನ್ನಡಿಯನ್ನು ತಂದು ಪರದೆಯ ಎದುರು ನಿಲ್ಲಿಸಿದರು.

“ನಾನೂ ಒಂದಾಟ ಗೆಲ್ಲೇಬೇಕು ಕಣಪ್ಪ.”

ಹಿಂದೆಯೇ ಕುಳಿತು, ಒಂದು ಕೈಯಲ್ಲಿ ವೈರು ಒತ್ತಿ, ಇನ್ನೊಂದರಲ್ಲಿ ಆಟದ ಗುಂಡಿ ತಿರುಗಿಸಿದರು. ಕನ್ನಡಿಯಲ್ಲಿ ಎಡ ಬಲವಾಗಿ ಕಾಣುತ್ತಿತ್ತು.

“ಕ್ಷೌರದಂಗಡಿ ಇಟ್ಟಂಗೈತೆ ಬುಡಪ್ಪ,” ಎಂದು ಅಜ್ಜಿ ನಕ್ಕರು.

ಎಂಟನೆಯ ಭೇಟಿಯ ಹೊತ್ತಿಗೆ ಅವರ ಸೋಲು ಹದಿನೆಂಟು, ಗೆಲುವು ಸೊನ್ನೆ.

ಒಂಬತ್ತನೆಯ ಸಲ ತುಮಕೂರಿನಿಂದ ವೈರು ಕೂರುವ ಹೊಸ ಸಾಕೆಟ್ ತಂದು ಬೆಸುಗೆ ಹಾಕಿದರು. ಮೊದಲ ಬಾರಿಗೆ ಎಲ್ಲರಂತೆ ಮುಂದೆ ಕುಳಿತರು. ಚೆಂಡು ಎಡಕ್ಕೆ ಬಂದರೆ ಅವರ ಕೈ ಬಲಕ್ಕೆ ಹೋಗುತ್ತಿತ್ತು. ಆರು ಆಟ ಸೋತರು.

ಎದ್ದು, ಕನ್ನಡಿ ನಿಲ್ಲಿಸಿ, ಮತ್ತೆ ಟಿವಿಯ ಹಿಂದೆ ಹೋಗಿ ಗಟ್ಟಿಯಾಗಿ ಕೂತಿದ್ದ ಸಾಕೆಟ್ಟಿನ ಮೇಲೂ ಬೆರಳಿಟ್ಟರು. ಆ ಆಟದಲ್ಲಿ ಒಂದು ಚೆಂಡನ್ನೂ ಬಿಡಲಿಲ್ಲ. ಆದರೆ ಕನ್ನಡಿಯಲ್ಲಿ ಅಂಕಗಳು ತಿರುಗುಮುರುಗಾಗಿ, ಅವರಿಗೆ ಓದಲಾಗಲಿಲ್ಲ.

“ಏನ್ ಕಾಣ್ತೈತೆ ಹೇಳ್ರಪ್ಪ?”

“ನೀವೇ ಗೆದ್ರಿ,” ಎಂದು ಸೋತ ಅಣ್ಣನೇ ಹೇಳಬೇಕಾಯಿತು.