ಮೂರು ವಿನಾಯಿತಿಗೆ ಒಬ್ಬ ಆಳು

“ಅಮ್ಮಾ, ಬಾವುಟದ ತಾತ ಯಾಕೆ ಯಾವತ್ತೂ ಕೂತ್ಕೊಳ್ಳಲ್ಲ?”

ಐದು ವರ್ಷದ ಮಗಳು ಶಾಲೆಯ ದಾರಿಯಲ್ಲಿ ಕೇಳಿದಳು. “ಅವರ ಕೆಲಸಾನೇ ನಿಲ್ಲೋದು ಕಣೇ” ಎಂದು ತಾಯಿ ಅವಳ ಕೈ ಎಳೆದುಕೊಂಡು ಟ್ರಾಮಿನ ಹಳಿ ದಾಟಿದಳು. ಹೇಳಿದ್ದು ಸುಳ್ಳೇನಲ್ಲ. ಆದರೆ ಆ ಎರಡು ಕಾಲಿನ ಮೇಲೆ ಏನೇನು ಹೇರಿದ್ದಾರೆಂದು ಅವಳಿಗೂ ಆಗ ತಿಳಿದಿರಲಿಲ್ಲ.

ಟ್ರಾಮು ತಿರುವು ಬಳಸಿ ಬೀದಿಗೆ ನುಗ್ಗುವ ಜಾಗದಲ್ಲಿ ಕೆಂಪು ಬಾವುಟ ಹಿಡಿದು ಆ ಮನುಷ್ಯ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ನಿಯಮದ ಪ್ರಕಾರ ಅಲ್ಲಿ ಗೇಟು ಇರಬೇಕು. ಬೀದಿ ಇಕ್ಕಟ್ಟು, ಗೇಟಿನ ಕೋಲು ಎತ್ತಿದರೆ ಎದುರು ಮನೆಯ ಬಾಲ್ಕನಿಗೆ ತಾಗುತ್ತದೆ. ಹಾಗಾಗಿ ಟ್ರಾಮ್ ಕಚೇರಿಯವರು ಒಂದು ವಿನಾಯಿತಿ ತಂದರು: ಗೇಟು ಬೇಡ, ಬದಲಿಗೆ ಒಬ್ಬ ಆಳು ನಿಂತಿರಲಿ. ಆಮೇಲೆ ಟ್ರಾಮಿನ ಗಂಟೆಗೆ ನಿದ್ದೆ ಕೆಡುತ್ತದೆಂದು ಬೀದಿಯವರು ಅರ್ಜಿ ಕೊಟ್ಟರು. ಆಳು ನಿಂತಿದ್ದಾನಲ್ಲ, ಗಂಟೆ ಯಾಕೆ ಎಂದು ಎರಡನೆಯ ವಿನಾಯಿತಿ ಬಂತು. ತಿರುವಿನಲ್ಲಿ ನಿಧಾನಿಸಿದರೆ ವೇಳಾಪಟ್ಟಿ ತಪ್ಪುತ್ತದೆಂದು ಇನ್ನೊಬ್ಬ ಸಾಹೇಬರು ಬರೆದರು. ಆಳು ನಿಂತಿದ್ದಾನಲ್ಲ! ಮೂರನೆಯದೂ ಸಿಕ್ಕಿತು. ಒಂದೊಂದನ್ನೇ ಎತ್ತಿ ನೋಡಿದರೆ ಯಾವುದರಲ್ಲೂ ಹುಳುಕಿಲ್ಲ. ಮೂರೂ ಒಂದೇ ಕೊರಳಿಗೆ ಬಿದ್ದಿವೆ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಮೂವರು ಸಾಹೇಬರ ಮೇಜೂ ಬೇರೆ ಬೇರೆ.

ಮೊದಮೊದಲು ಅವನಿಗೆ ಒಂದು ಸ್ಟೂಲು ಇತ್ತು. ತಪಾಸಣೆಗೆ ಬಂದ ಸಾಹೇಬರು ಕಾಗದ ಬಿಚ್ಚಿ ಬೆರಳಿಟ್ಟು ತೋರಿಸಿದರು.

“ನೋಡಿಲ್ಲಿ, ‘ನಿಂತಿರುವ ಆಳು’ ಅಂತಿದೆ. ಕೂತಿರೋ ಆಳು ಲೆಕ್ಕಕ್ಕೆ ಬರಲ್ಲ.”

“ಮಂಡಿ ಹಿಡ್ಕೊಳ್ಳುತ್ತೆ ಸಾರ್.”

“ಮಂಡಿಗೆ ವಿನಾಯಿತಿ ಇಲ್ಲ ಕಣಯ್ಯಾ!” ತಮ್ಮ ಮಾತಿಗೆ ತಾವೇ ನಕ್ಕು ಸಾಹೇಬರು ಜೀಪು ಹತ್ತಿದರು. ಸ್ಟೂಲೂ ಹತ್ತಿತು.

ವಿನಾಯಿತಿಯ ಆಯುಸ್ಸು ಒಂದೊಂದೇ ವರ್ಷ. ಅವನು ನಿಂತ ಜಾಗದಿಂದ ಆಚೆ ಈಚೆ ಹತ್ತು ಹೆಜ್ಜೆಯೊಳಗೆ ವರ್ಷದಲ್ಲಿ ಒಂದೂ ಅವಘಡ ಆಗಿರಬಾರದು. ಆಯಿತೋ, ವಿನಾಯಿತಿ ರದ್ದು, ಆಳು ಮನೆಗೆ. ಮನೆಯೆಂದರೂ ಡಿಪೋ ಹಿಂದಿನ ಒಂದು ಕೋಣೆ, ಅದೂ ಕೆಲಸವಿರುವ ತನಕ. ಆ ಕೋಣೆಯಲ್ಲಿ ಲಕ್ವ ಹೊಡೆದ ಹೆಂಡತಿ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳನ್ನು ಎತ್ತಿಕೊಂಡು ಇನ್ನೆಲ್ಲಿಗೆ ಹೋಗುವುದು? ಅವನು ದಿನಾ ಸಂಜೆ ರಿಜಿಸ್ಟರಿನಲ್ಲಿ ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದ.

ಎರಡು ವರ್ಷದ ಹಿಂದೆ ಮೂಲೆ ಅಂಗಡಿಯ ಹೊಲಿಗೆಯವಳು ಚಕ್ರಕ್ಕೆ ಸಿಕ್ಕಿ ಬಲಪಾದ ಕಳೆದುಕೊಂಡಳು. ಮೆಷಿನ್ನು ತುಳಿಯುವ ಪಾದ. ಆ ಸಂಜೆಯೂ ಅವನು ‘ಏನೂ ಇಲ್ಲ’ ಎಂದೇ ಬರೆದ. ವಿಚಾರಣೆಯ ದಿನ ಎಲ್ಲರೆದುರು ತಾನೇ ಹೆಜ್ಜೆ ಹಾಕಿ ಅಳೆದು ತೋರಿಸಿದ. ಹದಿನಾಲ್ಕು ಹೆಜ್ಜೆ! ನಿಜವಾಗಿ ಆರೇ ಇತ್ತು. ಅವನು ಅಳೆಯುವಾಗ ಹೆಜ್ಜೆ ಗಿಡ್ಡ ಮಾಡಿದ್ದ. ಹೊಲಿಗೆಯವಳ ಪರಿಹಾರದ ಅರ್ಜಿ ಎರಡೇ ಸಾಲಿನ ಉತ್ತರ ಹೊತ್ತು ವಾಪಸಾಯಿತು. ಅವಳು ಎಡಗಾಲಿನಲ್ಲಿ ತುಳಿಯುವುದನ್ನು ಕಲಿತಳು, ಅವನಿಗೊಂದು ಹೆಸರನ್ನೂ ಇಟ್ಟಳು.

“ಏನಪ್ಪಾ ಗಿಡ್ಡಹೆಜ್ಜೆ, ಬಿಸಿಲು ಜೋರಾ? ನಿಂತ್ಕೋ ನಿಂತ್ಕೋ. ಎರಡೂ ಕಾಲು ನೆಟ್ಟಗಿವೆಯಲ್ಲ ನಿಂಗೆ.”

ಬೀದಿಗೆ ಬೀದಿಯೇ ಆ ಹೆಸರು ಹಿಡಿದುಕೊಂಡಿತು.

ಈ ವರ್ಷ ವಿನಾಯಿತಿ ನವೀಕರಣಕ್ಕೆ ಹನ್ನೊಂದು ದಿನ ಉಳಿದಿತ್ತು. ಬೆಳಿಗ್ಗೆ ಆ ತಾಯಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಮಗಳ ನೀರಿನ ಬಾಟಲಿ ಉರುಳಿ ಹಳಿಯ ಮೇಲೆ ಹೋಯಿತು, ಹಿಂದೆಯೇ ಮಗಳೂ. ಟ್ರಾಮು ಗಂಟೆಯಿಲ್ಲದೆ, ವೇಗ ತಗ್ಗಿಸದೆ ತಿರುವಿನಿಂದ ಬಂತು. ಅವನು ಎಡಗೈಯಲ್ಲಿ ಶಾಲೆಚೀಲ ಹಿಡಿದು ಮಗುವನ್ನು ಈಚೆಗೆ ಸೆಳೆದುಕೊಂಡ. ಬಲಗೈಯ ಬಾವುಟದ ಕೋಲು ಟ್ರಾಮಿನ ಮೆಟ್ಟಿಲ ಸರಳಿಗೆ ಸಿಕ್ಕಿ ತಿರುಚಿತು, ಕೋಲಿನ ಜೊತೆ ಎರಡು ಬೆರಳೂ. ಓಡಿಸುವವನಿಗೆ ಗೊತ್ತೇ ಆಗಲಿಲ್ಲ, ಟ್ರಾಮು ನಿಲ್ಲಲಿಲ್ಲ.

ತಾಯಿ ಮಗುವನ್ನು ತಬ್ಬಿಕೊಂಡು ಅದರ ಕೈಕಾಲು ತಡವಿ ನೋಡುತ್ತಿದ್ದಳು. “ಏನೂ ಆಗಿಲ್ಲ ತಾಯಿ, ಹೊರಡಿ, ಶಾಲೆಗೆ ಹೊತ್ತಾಯ್ತು” ಎಂದು ಅವನು ಬೆನ್ನು ತಿರುಗಿಸಿ ಬಾವುಟವನ್ನು ಕೈಗೆ ಸುತ್ತಿಕೊಂಡ. ಕೆಂಪಿನ ಮೇಲೆ ಕೆಂಪು ಯಾರಿಗೂ ಕಾಣಲಿಲ್ಲ. ಸಂಜೆಯ ತನಕ ಆ ಮುಷ್ಟಿಯನ್ನೇ ಎತ್ತಿ ಟ್ರಾಮುಗಳನ್ನು ದಾಟಿಸಿದ. ರಿಜಿಸ್ಟರನ್ನು ಎಡಗೈಯಲ್ಲಿ ಬರೆದ: ‘ಏನೂ ಇಲ್ಲ.’ ಅಕ್ಷರ ಸೊಟ್ಟಗಿತ್ತು, ಅಷ್ಟೆ.

ಕೈಗೆ ಪೆಟ್ಟಾದದ್ದನ್ನು ನೋಡಿದ್ದವಳು ಹೊಲಿಗೆಯವಳೊಬ್ಬಳೇ. ಅವನು ಮನೆಗೆ ಹೊರಟಾಗ ಹೊಸ್ತಿಲಲ್ಲಿ ಕೂತೇ ಕರೆದಳು.

“ಲೋ ಗಿಡ್ಡಹೆಜ್ಜೆ, ನಾಲ್ಕು ಹೆಜ್ಜೆ. ನಾನು ಎಣಿಸ್ದೆ.”

ಅವನು ಕೈಯನ್ನು ಬೆನ್ನ ಹಿಂದೆ ಮರೆಸಿದ. “ಯಾರಿಗಾದ್ರೂ ಹೇಳ್ತೀಯೇನಮ್ಮಾ?”

“ನಾನ್ಯಾಕೆ ಹೇಳಲಿ? ಹೇಳಿದ್ರೆ ನಿನ್ನ ಮನೆಗೆ ಕಳಿಸ್ತಾರೆ, ಕಾಲು ಚಾಚಿ ಕೂತ್ಬಿಡ್ತೀಯ. ನೀನು ಇಲ್ಲೇ ನಿಂತಿರಬೇಕಪ್ಪಾ, ನನ್ನ ಕಣ್ಣೆದುರು.” ದಾರ ಕಡಿದು ಉಗುಳಿ ಅವಳು ಮತ್ತೆ ಮೆಷಿನ್ನಿನತ್ತ ತಿರುಗಿದಳು.

ಮೂರನೆಯ ದಿನ ಬೆರಳು ಕಪ್ಪಿಟ್ಟವು. ಡಿಪೋ ಡಾಕ್ಟರು ಎರಡನ್ನೂ ತೆಗೆದು, ಪೆನ್ನು ಹಿಡಿದು ಕೇಳಿದರು.

“ಹೇಗಾಯ್ತು?”

“ಬಾಗಿಲಿಗೆ ಸಿಕ್ತು ಸಾರ್.”

“ಯಾವ ಬಾಗಿಲು? ಡಿಪೋದ್ದಾದ್ರೆ ನಾನು ಮೇಲಕ್ಕೆ ಬರೀಲೇಬೇಕು. ನೀನಿರೋ ಕೋಣೇದೂ ಡಿಪೋದ್ದೇ. ಹೊರಗಿನವರ ಬಾಗಿಲಾದ್ರೆ ಅವರ ಕೈಲಿ ಬರೆಸಿ ಸಹಿ ಹಾಕಿಸ್ಕೊಂಡು ಬಾ.”

ಹೋಗಿ ಕೇಳಬಹುದಾದ ಬಾಗಿಲು ಅವನಿಗೆ ಒಂದೇ ಇತ್ತು.

ಬಾಗಿಲು ತೆರೆದ ಮಗುವಿನ ತಾಯಿಯ ಕಣ್ಣು ಮೊದಲು ಅವನ ಕೈ ಮೇಲೆ ಬಿತ್ತು. “ಇದು ಅವತ್ತಿಂದಾ? ಒಂದು ಮಾತು ಹೇಳ್ಬಾರದಿತ್ತಾ?” ಎಂದವಳು ಮರುಕ್ಷಣವೇ ಕುರ್ಚಿ ಎಳೆದಳು, ಅವನು ಕೂರಲಿಲ್ಲ. ನೀರು ಬಿಸಿಗಿಟ್ಟಳು, ಹಳೆಯ ಮೆತ್ತನೆ ಬಟ್ಟೆ ಹರಿದಳು, ರಕ್ತಕ್ಕೆ ಅಂಟಿದ್ದ ಪಟ್ಟಿಯನ್ನು ನೆನೆಸಿ ನೆನೆಸಿ ಬಿಡಿಸಿದಳು. ಹೊಸ ಪಟ್ಟಿ ಸುತ್ತುತ್ತಲೇ ಹೇಳಿದಳು, “ನಾಳೇನೇ ಕಚೇರಿಗೆ ಬರ್ತೀನಿ. ನನ್ನ ಮಗಳನ್ನ ಉಳಿಸೋಕೆ ಹೋಗಿ ಹೀಗಾಯ್ತು ಅಂತ ನಾನೇ ಹೇಳ್ತೀನಿ.”

“ಅಯ್ಯೋ ಬೇಡಿ ತಾಯಿ!” ಅವನು ಕೈ ಹಿಂದಕ್ಕೆಳೆದುಕೊಂಡ. “ಉಳಿಸ್ದೆ ಅಂದ್ರೆ ಅಪಾಯ ಇತ್ತು ಅಂತಾಗುತ್ತೆ.”

“ಇತ್ತಲ್ಲ!”

“ಇತ್ತು. ಆದ್ರೆ ನನ್ನವಳನ್ನ ಹೊತ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ಅವಳು ಮತ್ತೆ ಆ ಕೈ ಹಿಡಿದು ಪಟ್ಟಿಯ ತುದಿ ಗಂಟು ಹಾಕಿದಳು. ನಾಳೆಯೂ ಅದೇ ಹಳಿ ದಾಟಬೇಕು, ಅದೇ ಮಗುವಿನ ಕೈ ಹಿಡಿದು. ಒಳಕೋಣೆಯಲ್ಲಿ ಮಗಳು ಗೊಂಬೆಗೆ ಏನೋ ಗದರುತ್ತಿದ್ದಳು. ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಎಡಗೈಯಲ್ಲಿ ಸವರಿ ಹರಡಿದ. ಆಮೇಲೆ ಒಳಕೋಣೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

“ನಿಮ್ಮನೆ ಬಾಗಿಲಿಗೆ ಸಿಕ್ತು ಅಂತ ಬರೆದು ಸಹಿ ಹಾಕ್ಕೊಡಿ, ಅಷ್ಟು ಸಾಕು. ಇನ್ನೊಂದು ಮಾತು ತಾಯಿ, ತಪ್ಪು ತಿಳೀಬೇಡಿ. ಸೋಮವಾರ ತಪಾಸಣೆಗೆ ಸಾಹೇಬ್ರು ಶಾಲೆ ಹೊತ್ತಿಗೇ ಬರೋದು, ಮಕ್ಕಳನ್ನೂ ಮಾತಾಡಿಸ್ತಾರೆ. ಬಾಗಿಲು ಹಾಕಿ ನನ್ನ ಬೆರಳು ಸಿಕ್ಕಿಸಿದ್ದು ತಾನೇ ಅಂತ ಹೇಳೋಕೆ ಮಗೂಗೆ ಹೇಳಿಕೊಡ್ತೀರಾ? ಮಕ್ಕಳು ಮಾಡಿದ್ದು ಅಂದ್ರೆ ಯಾರೂ ಮುಂದೆ ಕೇಳಲ್ಲ.”