ಕಾಲು ಮುಟ್ಟದ ಕುಸ್ತಿ

ನನ್ನ ತಮ್ಮ ಕುಸ್ತಿಯಲ್ಲಿ ರಾಷ್ಟ್ರ ಚಾಂಪಿಯನ್. ಅವನದು ಗ್ರೀಕೋ-ರೋಮನ್ ಕುಸ್ತಿ; ಅದರಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಎದೆಗೆ ಎದೆ ಕೊಟ್ಟು ಎತ್ತಿ ಕೆಡವಬೇಕು. ಹೊಸಹಳ್ಳಿಯಲ್ಲಿ ಅವನ ಬ್ಯಾನರು ಕಟ್ಟಿದಾಗ ನಾನು ಅದಕ್ಕೆ ಬೆನ್ನು ಹಾಕಿ ಬಸ್ಸು ಕಾಯುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಶಾಲೆಯಲ್ಲಿ ಪಾಠ ಹೇಳುವವಳು ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಲಿ?

ನಮ್ಮದು ಕುರಿ ಸಾಕಿದ ಮನೆ. ತುಪ್ಪಟ ಕತ್ತರಿಸುವ ದಿನ ಕುರಿಯನ್ನು ಹಿಡಿದು ಕೆಡವಿ ಕೊಡುವುದು ಮಕ್ಕಳ ಕೆಲಸ. ಬೇರೆಯವರು ಹಿಂಗಾಲು ಹಿಡಿದೆಳೆಯುತ್ತಾರೆ. ಹಾಗೆ ಎಳೆದು ಒಂದು ಟಗರಿನ ಕಾಲು ಮುರಿದ ಮೇಲೆ ಅಪ್ಪ ಕಟ್ಟಪ್ಪಣೆ ಮಾಡಿದ್ದ: "ಕಾಲಿಗೆ ಕೈ ಹಾಕಿದ್ರ ನಿಮ್ಮ ಕೈ ಮುರಿತೀನಿ ನೋಡ್ರಲೇ." ಹಾಗಾಗಿ ನಾನೇ ಒಂದು ಪಟ್ಟು ಕಂಡುಕೊಂಡೆ. ಪಕ್ಕದಿಂದ ಹೋಗಿ ಎದೆಯ ಕೆಳಗೆ ಎರಡೂ ಕೈ ತೂರಿಸಿ, ಅವಚಿಕೊಂಡು ಸೊಂಟ ತಿರುವಿದರೆ ಎಂಥ ಟಗರೂ ಅಂಗಾತ. ತಮ್ಮ ಆಗ ಸಣ್ಣವನು. ಟಗರು ಅವನನ್ನೇ ಎಳೆದುಕೊಂಡು ಹೋಗುತ್ತಿತ್ತು. "ಅಕ್ಕಾ, ಹೆಂಗದು, ನನಗೂ ತೋರ್ಸು" ಎಂದು ಬೆನ್ನು ಬಿದ್ದ. ಅವನನ್ನೇ ಟಗರು ಮಾಡಿಕೊಂಡು, ಎತ್ತಿ ಕೆಡವಿ ಕೆಡವಿ ಕಲಿಸಿದೆ.

ಹೈಸ್ಕೂಲಿನ ಆಟೋಟದಲ್ಲಿ ಅವನು ಅದೇ ಪಟ್ಟಿನಿಂದ ಒಬ್ಬ ದಾಂಡಿಗನನ್ನು ಕೆಡವಿದ. ನೋಡಿದ ಕೋಚ್ ಒಬ್ಬರು ಕ್ರೀಡಾ ಹಾಸ್ಟೆಲಿಗೆ ಕರೆದರು. ನಾನೂ ಮುಂದೆ ಹೋಗಿ, "ನನಗೂ ಬರತೈತ್ರಿ ಸರ್, ನನ್ನೂ ನೋಡ್ರಿ" ಎಂದೆ. ಅವರು ಕೆಟ್ಟವರೇನಲ್ಲ. "ಈ ಕುಸ್ತಿ ಗಂಡುಹುಡುಗರಿಗೆ ಅಷ್ಟೇ ಐತಿ ತಾಯಿ. ಹೆಣ್ಮಕ್ಳದು ಬೇರೆ, ಅದ್ರಾಗ ಕಾಲು ಹಿಡಿಯೋದು ಬರಬೇಕು" ಎಂದರು. ನಮ್ಮ ಮನೆಯಲ್ಲಿ ಅದೊಂದನ್ನೇ ಕಲಿಸಿರಲಿಲ್ಲ. ಅವನು ಟ್ರಂಕು ಹೊತ್ತು ಹೋದ, ನಾನು ಕುರಿಗಳ ಹಿಂದೆ ಹೋದೆ.

ಆಮೇಲೆ ನಾನು ಓದಿ ಶಾಲೆಯ ಟೀಚರಾದೆ; ಅವನಿಗೆ ಪದಕ, ರೈಲ್ವೆ ನೌಕರಿ, ಟಿವಿಯವರು. ಆ ಪಟ್ಟು ಎಲ್ಲಿ ಕಲಿತೆ ಎಂದು ಕೇಳಿದಾಗಲೆಲ್ಲ "ನಮ್ಮಪ್ಪನ ಹತ್ರ" ಎನ್ನುತ್ತಿದ್ದ. ಅಪ್ಪ ಒಂದು ಮರಿಯನ್ನೂ ಹಾಗೆ ಕೆಡವಿದ್ದು ನಾ ಕಾಣೆ; ಅವನದು ಕತ್ತರಿ ಹಿಡಿದು ಕೂರುವ ಕೆಲಸ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತಾಯಿತು ನನ್ನ ಕಥೆ. ನನಗೆ ಪದಕ ಬೇಡ, ಆ ಉತ್ತರದಲ್ಲಿ ನಾನಿರಬೇಕಿತ್ತು. ಒಮ್ಮೆ ಊಟಕ್ಕೆ ಬಡಿಸುತ್ತಾ ಕೇಳಿಯೇ ಬಿಟ್ಟೆ: "ಲೇ, ನಿಂಗ ಕಲಿಸಿದ್ದು ಯಾರಲೇ?" ರೊಟ್ಟಿ ಮುರಿಯುತ್ತಿದ್ದವನು ತಲೆ ತಗ್ಗಿಸಿ, "ನೀನ ಅಕ್ಕ. ಈ ಸಲ ಹೇಳ್ತೀನಿ" ಎಂದ.

ಕಳೆದ ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಅವನಿಗೆ ಸನ್ಮಾನವಿತ್ತು. ನಾನು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ಅವನು ಮೈಕು ಹಿಡಿದ. "ಈ ಪಟ್ಟು ನನಗ ಕಲಿಸಿದ್ದು ನಮ್ಮಪ್ಪ ಅಲ್ರಿ. ಅಗೋ, ಅಲ್ಲಿ ಕುಂತಾಳ, ನಮ್ಮಕ್ಕ. ಸಣ್ಣಾಕಿದ್ದಾಗ ದಿನಾ ನನ್ನ ಎತ್ತಿ ಕೆಡವ್ತಿದ್ಲು." ಎದ್ದು ನಿಲ್ಲಬೇಕೇನೋ ಎಂದು ನಾನು ಸೆರಗು ಸರಿ ಮಾಡಿಕೊಂಡೆ.

ಸಭೆ ಗೊಳ್ಳೆಂದು ನಕ್ಕಿತು. "ಖರೇನ್ರಿ, ಖರೇ" ಎಂದು ಅವನು ಅಂದಷ್ಟೂ ನಗು ಜಾಸ್ತಿಯಾಯಿತು. ಅಧ್ಯಕ್ಷರು ಮೈಕು ತೆಗೆದುಕೊಂಡು, "ನೋಡ್ರಿ, ಎಷ್ಟು ಎತ್ತರಕ್ಕ ಹೋದ್ರೂ ಅಕ್ಕನ್ನ ಮರ್ತಿಲ್ಲ, ಎಂಥಾ ದೊಡ್ಡ ಗುಣ!" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಪಕ್ಕದ ಹೆಂಗಸು ನನ್ನ ಮೊಣಕೈ ತಿವಿದು, "ಇಂಥ ತಮ್ಮನ್ನ ಪಡ್ಯಾಕ ಪುಣ್ಯ ಮಾಡೀರಿ ಬಿಡ್ರಿ" ಎಂದಳು. ನಾನು ವರ್ಷಗಟ್ಟಲೆ ಕಾದಿದ್ದ ಮಾತನ್ನು ಅವನು ಆಡಿದ, ಅದರ ಹೆಸರೂ ಅವನಿಗೇ ಹೋಯಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನೂ ಚಪ್ಪಾಳೆ ತಟ್ಟಿದೆ.